ಬಾಣಂತನದ ಸಾಮಾನು

ಹಾವೇರಿ ಸೀಮೆಯ ಯಾವ ತಾಯಿಯೂ ಮಗಳ ಬಾಣಂತನಕ್ಕೆ ಬರಿಗೈಯಲ್ಲಿ ಹೋಗುವುದಿಲ್ಲ. ಮಗಳು ರಾಣೆಬೆನ್ನೂರಿನಲ್ಲಿದ್ದರೂ ಅಷ್ಟೆ, ಮೆಲ್ಬರ್ನಿನಲ್ಲಿದ್ದರೂ ಅಷ್ಟೆ. ಅಂಟಿನುಂಡೆಗೆ ಅಂಟು, ಉತ್ತತ್ತಿ, ಒಣಕೊಬ್ಬರಿ, ಎದೆಹಾಲಿಗೆ ಅಳವಿ, ಹೊಟ್ಟೆಗೆ ಅಜವಾನ, ಒಣಶುಂಠಿ, ಕೂಸಿಗೆ ತೇಯ್ದು ನೆಕ್ಕಿಸಲು ಬಜೆ, ಹೊಗೆ ಹಾಕಲು ಲೋಬಾನ, ಹಾಸಲು ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದ ಕೌದಿ. 2022ರಲ್ಲಿ ಮೆಲ್ಬರ್ನಿನಲ್ಲಿದ್ದ ತಂಗಿಯ ಹೆರಿಗೆಗೆಂದು ಅವ್ವನನ್ನು ಕರೆದುಕೊಂಡು ಹೊರಡುವಾಗ ಅವ್ವ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಕೊನೆಗೆ ನಮ್ಮ ಹೊಲದ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಕಾಳು, ಜೀರಿಗೆ, ತೊಗರಿಬೇಳೆ, ಹಸಿ ಶೇಂಗಾ ಕೂಡ ಸೇರಿದವು. ಬರೆದದ್ದನ್ನು ಓದಿ ನೋಡಿದರೆ, ಅವ್ವ ಬಲು ಪ್ರೀತಿಯಿಂದ ನೆನೆದು ನೆನೆದು ಹೇಳಿದ ಸಾಮಾನಿನಲ್ಲಿ ಬಹುಪಾಲು ಆಸ್ಟ್ರೇಲಿಯದ ಬಾಗಿಲು ದಾಟುವಂತಿರಲಿಲ್ಲ.

ಇದು ನನಗೆ ಗೊತ್ತಿದ್ದುದಕ್ಕೆ ಕಾರಣ ಹಿಂದೆ ದುಬೈಯಲ್ಲಿ ಕಳೆದ ವರ್ಷಗಳು. ಊರಿಂದ ಬರುವವರ ಪೆಟ್ಟಿಗೆಯಲ್ಲಿ ಏನಿರಬೇಕು ಎನ್ನುವುದಕ್ಕಿಂತ ಏನಿರಬಾರದು ಎನ್ನುವುದು ಅಲ್ಲಿಯ ಕನ್ನಡಿಗರ ಮನೆಗಳಲ್ಲಿ ದೊಡ್ಡ ಮಾತು. ಮೊದಲ ಹೆಸರು ಗಸಗಸೆಯದು. ನಮ್ಮಲ್ಲಿ ಅದು ಹಬ್ಬದ ಪಾಯಸಕ್ಕೆ, ಸಾರಿನ ಮಸಾಲೆಗೆ, ಬಾಣಂತಿಯ ನಿದ್ದೆಗೆ. ಅಲ್ಲಿ ಅದು ಅಫೀಮಿನ ಗಿಡದ ಬೀಜ, ಮಾದಕ ವಸ್ತುಗಳ ಸಾಲಿನಲ್ಲಿ ನಿಷಿದ್ಧ. ಸೌದಿಯಲ್ಲೂ ಹಾಗೆಯೇ, ಸಿಂಗಪುರದಲ್ಲೂ ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ಗಸಗಸೆಯನ್ನು ಪೊಟ್ಟಣ ಕಟ್ಟಿ ಯಾರೂ ತರುತ್ತಿರಲಿಲ್ಲ ಅನ್ನಿ. ಆದರೆ ದೀಪಾವಳಿಯ ಅನಾರಸದ ಒಂದು ಮೈಗೆಲ್ಲ ಅದೇ ಅಂಟಿರುತ್ತದೆ, ಗೋಕಾಕದ ಕರದಂಟಿನಲ್ಲೂ ಇರುತ್ತದೆ, ಮನೆಯಲ್ಲಿ ಕುಟ್ಟಿದ ಮಸಾಲೆಪುಡಿಯಲ್ಲಿ ಕಣ್ಣಿಗೆ ಕಾಣದಂತೆ ಬೆರೆತಿರುತ್ತದೆ. ಮಗನ ಮನೆಗೆ ಮೊದಲ ಸಲ ವಿಮಾನ ಹತ್ತುವ ತಾಯಿಗೆ ಇದು ಹೇಗೆ ತಿಳಿಯಬೇಕು? ಹಬ್ಬದ ತಿಂಡಿ ತುಂಬಿದ ಡಬ್ಬಿ ಹಿಡಿದು ಆಕೆ ಪೊಲೀಸರ ಮುಂದೆ ನಿಲ್ಲಬೇಕಾದ ಸ್ಥಿತಿಯನ್ನು ನೆನೆದರೆ ಈಗಲೂ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಆ ಕಾರಣಕ್ಕೆ ಯಾರೇ ಹೊರಟರೂ ನಾನು ಫೋನು ಮಾಡಿ ಒಂದೊಂದು ಡಬ್ಬಿಯ ಬಗ್ಗೆ ಕೇಳುತ್ತಿದ್ದೆ. ವೀಳ್ಯದೆಲೆಯೂ ಅಲ್ಲಿ ನಿಷಿದ್ಧ. ಊಟವಾದ ಮೇಲೆ ಎಲೆಯಡಿಕೆ ಇಲ್ಲದಿದ್ದರೆ ಆಗದ ಹಿರಿಯರಿಗೆ ಅದನ್ನು ಹೇಳಿ ಒಪ್ಪಿಸುವುದು ಗಸಗಸೆಗಿಂತ ಕಷ್ಟದ ಕೆಲಸ.

ಔಷಧದ ಮಾತು ಬೇರೆ. ಅಲ್ಲಿ ಪಕ್ಕದ ಮನೆಯಲ್ಲಿದ್ದ ಉಡುಪಿ ಕಡೆಯವರ ತಂದೆಗೆ ಮೊಣಕಾಲು ನೋವು. ಊರಿನ ವೈದ್ಯರು ಬರೆದುಕೊಟ್ಟ ಗುಳಿಗೆಯಲ್ಲಿ ಟ್ರಾಮಡಾಲ್ ಇತ್ತು. ಭಾರತದಲ್ಲೂ 2018ರಿಂದ ಅದು ಮಾದಕ ವಸ್ತುಗಳ ಕಾಯ್ದೆಯ ಕೆಳಗೆ ಬರುತ್ತದೆ, ಆದರೂ ನೋವಿನ ಗುಳಿಗೆಯೆಂದೇ ಜನ ನುಂಗುತ್ತಾರೆ. ಎಮಿರೇಟ್ಸಿನಲ್ಲಿ ಅದಕ್ಕೂ, ಕೆಮ್ಮಿನ ಔಷಧದಲ್ಲಿರುವ ಕೊಡೀನಿಗೂ ಆರೋಗ್ಯ ಸಚಿವಾಲಯದ ಅನುಮತಿ ಮೊದಲೇ ಬೇಕು. ಹೊರಡುವ ಮುನ್ನ ಆ ಚೀಟಿಯನ್ನು ತರಿಸಿ ಓದಿದ್ದರಿಂದ ಅರ್ಜಿ ಹಾಕುವುದು ಸಾಧ್ಯವಾಯಿತು, ಅವರು ನಿಶ್ಚಿಂತೆಯಿಂದ ಬಂದರು. ಗುಳಿಗೆಯ ಕಂಪನಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧದ ಹೆಸರನ್ನು ಓದುವ ಅಭ್ಯಾಸ ನನಗೆ ಅಂಟಿದ್ದು ಆಗಿನಿಂದ.

ಅವ್ವನ ಪಟ್ಟಿಯನ್ನು ಮುಂದಿಟ್ಟುಕೊಂಡು ಕೂತಾಗ ನನಗೆ ಎರಡು ದಾರಿಗಳಿದ್ದವು. ಇದು ನಡೆಯುವುದಿಲ್ಲ, ಅದು ನಡೆಯುವುದಿಲ್ಲ ಎಂದು ಗೆರೆ ಎಳೆಯುವುದು ಒಂದು. ಹೆಚ್ಚಿನ ಮಕ್ಕಳು ಮಾಡುವುದು ಅದನ್ನೇ, ಅದೂ ಸಿಡುಕುತ್ತ. ಯಾಕೆ ನಡೆಯುವುದಿಲ್ಲ ಎಂದು ಕೂತು ಹೇಳುವುದು ಇನ್ನೊಂದು. ನಾನು ಎರಡನೆಯದನ್ನು ಹಿಡಿದೆ. ಅವ್ವ ಶಾಲೆ ಕಲಿತದ್ದು ಕಡಿಮೆ, ಆದರೆ ಹೊಲ, ದನ, ಕಾಳು ಇವುಗಳ ವಿಷಯದಲ್ಲಿ ಅವಳಿಗೆ ತಿಳಿಯದ ಮಾತಿಲ್ಲ. ಗಡಿಯ ಕಾನೂನುಗಳೋ, ಬಿಡಿಸಿ ನೋಡಿದರೆ, ಬಹುಮಟ್ಟಿಗೆ ಹೊಲ, ದನ, ಕಾಳಿನ ಮಾತುಗಳೇ.

“ಮೆಣಸಿನಕಾಯಿ ಯಾಕ ಬ್ಯಾಡ ಅಂತಾರ? ನಮ್ಮ ಹೊಲದಾಗ ಬೆಳದದ್ದು. ಇದ್ರಾಗ ಏನ ಖೋಟಿ ಐತಿ?” ಎಂದಳು ಅವ್ವ.

ಖೋಟಿ ಏನೂ ಇಲ್ಲ, ಹುಳದ ಭಯ ಅಂದೆ. ಖಾಪ್ರಾ ಎಂಬ ದುಂಬಿ ಎರಡು ಮೂರು ಮಿಲಿಮೀಟರಿನಷ್ಟು ಸಣ್ಣದು, ಹುಟ್ಟು ನೆಲ ನಮ್ಮ ಭಾರತವೇ. ಕಾಳು ತಿನ್ನುವುದು ಅದರ ಮರಿಹುಳ. ತಿನ್ನುವುದಷ್ಟೇ ಅಲ್ಲ, ಕಳಚಿದ ಪೊರೆ ಮತ್ತು ಕೂದಲಿನಿಂದ ಉಳಿದ ಕಾಳನ್ನೂ ಕೆಡಿಸುತ್ತದೆ. ತಿನ್ನಲು ಏನೂ ಸಿಗದಿದ್ದರೆ ಗೋಡೆಯ ಬಿರುಕಿನಲ್ಲಿ ಅಡಗಿ ವರ್ಷಗಟ್ಟಲೆ ಜೀವ ಹಿಡಿದಿರಬಲ್ಲದು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1953ರಲ್ಲಿ ಕಾಣಿಸಿಕೊಂಡ ಈ ದುಂಬಿಯನ್ನು ಪೂರ್ತಿ ಕಿತ್ತುಹಾಕಲು 1966ರ ತನಕ ಹೆಣಗಬೇಕಾಯಿತು. ಇಡೀ ಉಗ್ರಾಣಗಳಿಗೇ ತಾಡಪತ್ರಿ ಹೊದಿಸಿ ವಿಷದ ಹೊಗೆ ತುಂಬಿದರು. ಗೋಧಿಯನ್ನು ಜಗತ್ತಿಗೆಲ್ಲ ಮಾರುವ ಆಸ್ಟ್ರೇಲಿಯಕ್ಕೆ 2020ರಲ್ಲಿ ಇದು ಆಮದಾದ ರೆಫ್ರಿಜರೇಟರುಗಳ ಜೊತೆ ಬಂದಿಳಿದಿತ್ತು. ಆ ವರ್ಷವೇ ಅವರು ಪ್ರಯಾಣಿಕರ ಸಾಮಾನಿನಲ್ಲಿ ಅಕ್ಕಿ, ತೊಗರಿ, ಹೆಸರು, ಕಡಲೆ, ಹಸಿ ಶೇಂಗಾ, ಜೀರಿಗೆ, ಕೊತ್ತಂಬರಿ ಕಾಳು, ಬಡೇಸೋಪು, ಒಣಮೆಣಸಿನಕಾಯಿ ಎಲ್ಲವನ್ನೂ ತಡೆದರು. ನಮ್ಮ ಅಡುಗೆಮನೆಯ ಗೂಡನ್ನೇ ನೋಡಿ ಬರೆದಂತಿದೆ ಆ ಯಾದಿ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚಿದ ದಿನಗಳನ್ನು ಕಂಡವಳು, ಬೇಳೆಗೆ ಬೂದಿ ಸವರಿ, ಬೇವಿನ ಸೊಪ್ಪು ಹಾಕಿ ವರ್ಷ ಕಾಯ್ದವಳು. ಹುಳು ಹಿಡಿದ ಕಾಳಿನ ಚೀಲವನ್ನು ಅಂಗಳದಲ್ಲಿ ಸುರಿದು ಅತ್ತದ್ದು ಅವಳಿಗೆ ನೆನಪಿರಲೇಬೇಕು. “ಹಂಗಾರ ಪುಡಿ ಮಾಡಿಸಿದ್ರ? ಪುಡಿಯಾಗ ಹುಳಾ ಎಲ್ಲಿಂದ ಬರ್ತೈತಿ?” ಎಂದಳು. ಕಾನೂನಿನ ತಿರುಳು ಅದೇ ಆಗಿತ್ತು. ಅವರು ಮುಖ್ಯವಾಗಿ ಹೆದರುವುದು ಇಡೀ ಕಾಳಿಗೆ, ಇಡೀ ಕಾಯಿಗೆ. ಮರುದಿನ ಅವ್ವ ತೊಟ್ಟು ಮುರಿದು, ಬಿಸಿಲಿಗೆ ಹಾಕಿ, ಹುರಿದು, ಗಿರಣಿಗೆ ಹೋಗಿ ಖಾರದಪುಡಿ ಬೀಸಿಸಿಕೊಂಡು ಬಂದಳು. ಶೇಂಗಾ ಹುರಿದು ಚಟ್ನಿಪುಡಿಯಾಯಿತು, ಗುರೆಳ್ಳು ಪುಡಿಯಾಯಿತು, ಖಡಕ್ ರೊಟ್ಟಿ ಗಟ್ಟಿಯಾಗಿ ಕಟ್ಟಿಸಿಕೊಂಡವು. ಬೇಳೆ, ಜೀರಿಗೆ ಗೂಡಿನಲ್ಲೇ ಉಳಿದವು. ಒಣಕೊಬ್ಬರಿಯನ್ನು ಆ ವರ್ಷದ ಮಾರ್ಚಿನಲ್ಲಷ್ಟೇ ನಮ್ಮ ವಿಮಾನ ಭದ್ರತೆಯವರು ಪೆಟ್ಟಿಗೆಯಲ್ಲಿ ಇಡಬಾರದೆಂದು ತಡೆದಿದ್ದರು. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲದು. ಅದೂ ಉಳಿಯಿತು.

ಬಜೆಯ ವಿಷಯಕ್ಕೆ ಮಾತ್ರ ನಮ್ಮಿಬ್ಬರಿಗೆ ಜಗ್ಗಾಟವಾಯಿತು. ನಮ್ಮನ್ನೆಲ್ಲ ಬಜೆ ನೆಕ್ಕಿಸಿಯೇ ಬೆಳೆಸಿದವಳು ಅವಳು. ಅಮೆರಿಕದಲ್ಲಿ 1968ರಿಂದ ಬಜೆಯನ್ನು ಆಹಾರದಲ್ಲಿ ಬಳಸುವಂತಿಲ್ಲ ಎಂದೆ; ಇಲಿಗಳ ಮೇಲಿನ ಪ್ರಯೋಗದಲ್ಲಿ ಅದರ ಎಣ್ಣೆಯಿಂದ ಗೆಡ್ಡೆಗಳಾದವು ಎನ್ನುವುದು ಕಾರಣ. “ನೀವೆಲ್ಲ ಸತ್ತೀರೇನ?” ಎಂದು ಅವಳು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಚೊಕ್ಕ ಉತ್ತರವಿರಲಿಲ್ಲ. ಆದರೆ ಊರಿನ ಪಂಡಿತರು ಡಬ್ಬಿಯಲ್ಲಿ ತುಂಬಿಕೊಡುತ್ತಿದ್ದ ಬಾಣಂತಿ ಲೇಹದ ವಿಷಯದಲ್ಲಿ ನಾನು ಬಗ್ಗಲಿಲ್ಲ. ಅದರ ಮೇಲೆ ಹೆಸರಿಲ್ಲ, ಏನೇನು ಹಾಕಿದ್ದಾರೆಂದು ಬರೆದಿಲ್ಲ. ಬಾಸ್ಟನ್ ನಗರದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 14ರಲ್ಲಿ ಸೀಸ, ಪಾದರಸ, ಆರ್ಸೆನಿಕ್‌ಗಳ ಪೈಕಿ ಒಂದಾದರೂ ಸಿಕ್ಕಿತ್ತು. ತಾಯಿಯ ಹೊಟ್ಟೆಗೆ ಹೋದ ಸೀಸ ಹಾಲಿನ ಮೂಲಕ ಕೂಸಿಗೂ ಇಳಿಯುತ್ತದೆ. ಇದನ್ನು ಹೇಳಿದ ಮೇಲೆ ಅವ್ವ ಡಬ್ಬಿಯನ್ನು ತಾನೇ ತೆಗೆದು ಪಕ್ಕಕ್ಕಿಟ್ಟಳು, ಬಜೆಯ ಬೇರನ್ನೂ ಅದರ ಜೊತೆಗಿಟ್ಟಳು.

ಅವಳ ಸ್ವಂತ ಔಷಧಗಳದ್ದು ಇನ್ನೊಂದು ಕತೆ. ನಮ್ಮ ಔಷಧದಂಗಡಿಗಳಲ್ಲಿ ಹತ್ತರ ಪಟ್ಟಿಯಿಂದ ಬೇಕಾದಷ್ಟನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತಾರೆ. ಬಡವರಿಗೆ ಅದು ದೊಡ್ಡ ಅನುಕೂಲ. ಆದರೆ ಹೆಸರು, ತಾರೀಖು ಇರುವ ತುಂಡು ಅಂಗಡಿಯಲ್ಲೇ ಉಳಿದು, ನಮ್ಮ ಕೈಗೆ ಬರುವುದು ಹೆಸರಿಲ್ಲದ ಗುಳಿಗೆ. ಅವ್ವ ಅವನ್ನೂ ಬಿಚ್ಚಿ, ಬೆಳಗಿನದು ಸಂಜೆಯದು ಎಂದು ಹಳೆಯ ಕುಂಕುಮದ ಡಬ್ಬಿಗಳಲ್ಲಿ ಹಾಕಿಟ್ಟಿದ್ದಳು. ಬಣ್ಣ ನೋಡಿಯೇ ಅವಳು ಗುರುತು ಹಿಡಿಯುತ್ತಾಳೆ, ಒಮ್ಮೆಯೂ ತಪ್ಪಿದ್ದಿಲ್ಲ. ಗಡಿಯಲ್ಲಿ ನಿಂತವರಿಗೆ ಮಾತ್ರ ಅವು ಬರಿಯ ಬಿಳಿ, ಗುಲಾಬಿ ಗುಳಿಗೆಗಳು. ಆದ್ದರಿಂದ ಕತ್ತರಿಸದ ಪೂರ್ತಿ ಪಟ್ಟಿಗಳನ್ನೇ ಬಿಲ್ಲಿನ ಸಮೇತ ಕೊಂಡೆವು. ರಕ್ತದೊತ್ತಡಕ್ಕೆ ಅಮ್ಲೋಡಿಪಿನ್, ಸಕ್ಕರೆಗೆ ಮೆಟ್‌ಫಾರ್ಮಿನ್ ಮತ್ತು ಇನ್ಸುಲಿನ್ ಎಂದು ಕಂಪನಿ ಹೆಸರಿನ ಬದಲು ಔಷಧದ ಹೆಸರನ್ನೇ ದೊಡ್ಡಕ್ಷರಗಳಲ್ಲಿ, ಪ್ರಮಾಣದ ಸಮೇತ, ಪಾಸ್‌ಪೋರ್ಟಿನಲ್ಲಿರುವ ಅವ್ವನ ಹೆಸರಿನಲ್ಲೇ ಬರೆದುಕೊಡಿ ಎಂದು ವೈದ್ಯರನ್ನು ಕೇಳಿಕೊಂಡೆ. ಹೊರಗೆ ರೋಗಿಗಳ ಸಾಲು ಇದ್ದರೂ ಅವರು ನಿಧಾನವಾಗಿ, ದುಂಡಗೆ ಬರೆದುಕೊಟ್ಟರು. ಆ ಉಪಕಾರವನ್ನು ನಾನು ಮರೆಯುವುದಿಲ್ಲ. ಆಸ್ಟ್ರೇಲಿಯದಲ್ಲಿ ಒಂದು ಸಲಕ್ಕೆ ಮೂರು ತಿಂಗಳಿಗಾಗುವಷ್ಟು ಔಷಧ ತರಬಹುದು. ಅದಕ್ಕಿಂತ ಹೆಚ್ಚು ಉಳಿಯುವವರು ಅಲ್ಲಿಯ ವೈದ್ಯರಲ್ಲಿ ತೋರಿಸಬೇಕು, ಅದಕ್ಕೂ ಈ ಚೀಟಿಯೇ ಆಧಾರ. ಇನ್ಸುಲಿನ್ನನ್ನು ಕೈಚೀಲದಲ್ಲಿಟ್ಟುಕೊಂಡೆವು. ವಿಮಾನದ ಹೊಟ್ಟೆಯೊಳಗಿನ ಚಳಿಯಲ್ಲಿ ಅದು ಹೆಪ್ಪುಗಟ್ಟಿಬಿಟ್ಟರೆ ಮತ್ತೆ ಕರಗಿದರೂ ಉಪಯೋಗವಿಲ್ಲ. 2006ರಲ್ಲಿ ಲಂಡನ್ನಿನಲ್ಲಿ ದ್ರವಸ್ಫೋಟಕದ ಸಂಚು ಬಯಲಾದಂದಿನಿಂದ ಹೆಚ್ಚಿನ ನಿಲ್ದಾಣಗಳಲ್ಲಿ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಗೆ ತಡೆಯಿದೆ, ಆದರೆ ಚೀಟಿಯಿರುವ ಔಷಧಕ್ಕೆ ವಿನಾಯಿತಿ ಉಂಟು.

ಹುಬ್ಬಳ್ಳಿ ಸ್ಟೇಷನ್ನಿಗೆ ಬೀಳ್ಕೊಡಲು ಬಂದ ಸೋದರಮಾವ ರೈಲು ಹೊರಡುವ ಹೊತ್ತಿಗೆ ಕಿಟಕಿಯಿಂದ ಧಾರವಾಡ ಪೇಡೆಯ ಡಬ್ಬಿ ಕೊಟ್ಟ. ಬಸುರಿ ಮಗಳಿಗೆ ಮಾವ ಕೊಟ್ಟದ್ದನ್ನು ಹಿಂದಕ್ಕೆ ಕೊಡುವುದುಂಟೆ? ಪೇಡೆ ಎಂದರೆ ಎಮ್ಮೆಯ ಹಾಲಿನ ಖೋವಾ. ದಾಟುವುದಿಲ್ಲವೆಂದು ನನಗೆ ಗೊತ್ತಿತ್ತು. ಅವ್ವನಿಗೂ ಹೇಳಿದೆ: ಬಚ್ಚಿಡುವುದು ಬೇಡ, ಇದೆ ಅಂತ ಹೇಳೋಣ, ಅವರು ಏನನ್ನುತ್ತಾರೋ ಹಾಗೆ.

ಸಿಂಗಪುರ ದಾಟಿ ಮೆಲ್ಬರ್ನ್ ಹತ್ತಿರವಾಗುವಾಗ ವಿಮಾನದಲ್ಲಿ ಆಗಮನದ ಕಾರ್ಡು ಹಂಚಿದರು. ನಾನು ಒಂದೊಂದು ಪ್ರಶ್ನೆಯನ್ನೂ ಕನ್ನಡಕ್ಕೆ ತಿರುಗಿಸಿ ಓದಿದೆ. ಮಾಂಸ, ಮೊಟ್ಟೆ, ಹಾಲಿನ ಪದಾರ್ಥ, ಹಣ್ಣು, ತರಕಾರಿ ಇವೆಯೆ? ಕಾಳು, ಬೀಜ, ನಾಟಿ ಔಷಧ, ಮರದ ಸಾಮಾನು ಇವೆಯೆ? ಕಳೆದ 30 ದಿನಗಳಲ್ಲಿ ಹಳ್ಳಿಗಾಡಿಗೆ ಹೋಗಿದ್ದಿರಾ, ದನಕರುಗಳ ಹತ್ತಿರ ಇದ್ದಿರಾ? ಕೊನೆಯದನ್ನು ಕೇಳಿ ಅವ್ವ ನನ್ನ ಮುಖ ನೋಡಿದಳು. “ನಾವು ಇರೂದ ಹಳ್ಳ್ಯಾಗ. ಹೊಂಡೂ ದಿನಾ ಮುಂಜಾನೆನೂ ಎಮ್ಮಿ ಹಿಂಡೇನಿ. ಹೌದು ಅಂತ ಬರಿ.” ನಾನು ಹೌದು ಎಂದೇ ಗುರುತು ಹಾಕಿದೆ. ಕಾರ್ಡಿನ ಆ ಭಾಗದಲ್ಲಿ ನಮ್ಮದು ಬಹುತೇಕ ಹೌದುಗಳೇ. ಅಕ್ಕಪಕ್ಕದವರು ಕೆಲವರು ಎಲ್ಲಕ್ಕೂ ಇಲ್ಲ ಎಂದು ಎಳೆದು ಕಾರ್ಡು ಮಡಚಿಟ್ಟುಕೊಂಡರು. ಸಾಲು ಬೇಗ ಸಾಗಲಿ ಎಂಬ ಆತುರ ಅದು. ಆ ಆತುರದ ಬೆಲೆ ಆ ಹೊತ್ತಿನಲ್ಲಿ 2,664 ಡಾಲರಿನವರೆಗೆ ಇತ್ತು. 2019ರ ಅಕ್ಟೋಬರಿನಲ್ಲಿ ಹಂದಿಮಾಂಸ ಮೊದಲಾದವನ್ನು ಹೇಳದೆ ತಂದ ಪ್ರವಾಸಿಯೊಬ್ಬರ ವೀಸಾವನ್ನೇ ಸಿಡ್ನಿಯಲ್ಲಿ ರದ್ದುಪಡಿಸಿ ಹಿಂದಕ್ಕೆ ಕಳಿಸಿದ್ದರು. ಇದೆ ಎಂದು ಹೇಳಿ ಕೊಟ್ಟುಬಿಟ್ಟವರಿಗೆ ದಂಡವಿಲ್ಲ. ಇಡೀ ವ್ಯವಸ್ಥೆ ನಿಂತಿರುವುದೇ ಆ ಒಂದು ಮಾತಿನ ಮೇಲೆ. ಅದನ್ನೇ ನಮ್ಮ ಹಿರಿಯರಿಗೆ ಯಾರೂ ಸರಿಯಾಗಿ ತಿಳಿಸಿ ಹೇಳುವುದಿಲ್ಲ ಎಂಬುದು ನನ್ನ ಸಂಕಟ.

ತಪಾಸಣೆಯ ಮೇಜಿನಲ್ಲಿದ್ದ ಅಧಿಕಾರಿ ಮಧ್ಯವಯಸ್ಸಿನ ಹೆಂಗಸು. ರೊಟ್ಟಿಯ ಕಟ್ಟು ಬಿಚ್ಚಿ ನೋಡಿದಳು, ಪುಡಿಗಳನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿದಳು, ಲಟ್ಟಣಿಗೆಯಲ್ಲಿ ಹುಳ ಕೊರೆದ ತೂತುಗಳಿವೆಯೇ ಎಂದು ಬೆರಳಾಡಿಸಿದಳು, ಅವ್ವನ ಚಪ್ಪಲಿಯ ತಳವನ್ನು ತಿರುಗಿಸಿ ನೋಡಿದಳು. ಊರಿನಲ್ಲೇ ಅವನ್ನು ಬ್ರಶ್ಶಿನಿಂದ ತಿಕ್ಕಿ ತೊಳೆದಿದ್ದೆವು. ಕೌದಿಯನ್ನು ಬಿಡಿಸಿ, ಹೊಲಿಗೆಯ ಮೇಲೆ ಕೈ ಸವರಿ, ಯಾರು ಮಾಡಿದ್ದು ಎಂದು ಕೇಳಿ, ಮೊದಲಿನಂತೆಯೇ ಮಡಚಿ ಕೊಟ್ಟಳು. ಎಲ್ಲ ಮುಗಿದು ಉಳಿದದ್ದು ಪೇಡೆ. ಡಬ್ಬಿ ತೆರೆದು, ಹಾಲಿನದೇ ಎಂದು ಖಚಿತಪಡಿಸಿಕೊಂಡು, ಇದನ್ನು ಬಿಡಲಾರೆ ಎಂದಳು.

ಅವ್ವನ ಮುಖ ಸಣ್ಣದಾಯಿತು. ತಮ್ಮ ಕೊಟ್ಟದ್ದು. “ಯಾಕಂತ ಕೇಳು ಆ ಅಕ್ಕಾರನ್ನ” ಎಂದಳು. ಕೇಳಿದೆ. ಆಕೆ ಹೇಳಿದ್ದು ಎರಡೇ ಶಬ್ದ ಎನ್ನಬಹುದು, ಫುಟ್ ಅಂಡ್ ಮೌತ್. ನಾನು ಅವ್ವನ ಕಡೆ ತಿರುಗಿ, ಕಾಲುಬಾಯಿ ಬ್ಯಾನಿ ಅಂದೆ.

ಅದಕ್ಕಿಂತ ಹೆಚ್ಚಿಗೆ ಏನನ್ನೂ ಹೇಳಬೇಕಾಗಲಿಲ್ಲ. 2013ರಲ್ಲಿ ದಕ್ಷಿಣದ ರಾಜ್ಯಗಳಿಗೆಲ್ಲ ಈ ರೋಗ ಹಬ್ಬಿ ಕರ್ನಾಟಕದಲ್ಲಿ ಸಾವಿರಾರು ದನಗಳು ಸತ್ತ ವರ್ಷ ನಮ್ಮ ಹಿತ್ತಲಲ್ಲೂ ಒಂದು ಗಬ್ಬದ ಆಕಳು ಮಲಗಿತ್ತು. ಬಾಯೆಲ್ಲ ಹುಣ್ಣು, ಜೊಲ್ಲು ಸುರಿಯುತ್ತಿತ್ತು, ಗೊರಸು ಕಳಚಿಬಂದಿತ್ತು. ಅವ್ವ ರಾತ್ರಿಯೆಲ್ಲ ಕೂತು ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಅದ್ದಿ ಅದರ ಬಾಯಿಗೆ ಹಿಂಡಿದ್ದಳು. ಉಳಿಯಲಿಲ್ಲ. ಈಗ ಆ ಮೇಜಿನ ಮುಂದೆ ನಿಂತು, “ಇವರ ಕಡೆ ಆ ಬ್ಯಾನಿ ಇಲ್ಲೇನ?” ಎಂದು ಕೇಳಿದಳು. 1872ರಿಂದ ಇಲ್ಲ ಎಂದೆ. ನೂರೈವತ್ತು ವರ್ಷ. ಅವ್ವ ಆ ಸಂಖ್ಯೆಯನ್ನು ತುಟಿಯಲ್ಲೇ ಒಮ್ಮೆ ಅಂದುಕೊಂಡಳು. ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಆಕೆಯ ಕಡೆ ಸರಿಸಿ, “ತಗೋರಿ ಅಕ್ಕಾರ, ನಿಮ್ಮ ದನಾ ಛಲೋ ಇರ್ಲಿ” ಎಂದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಆ ಅಧಿಕಾರಿ ತನ್ನ ಅಪ್ಪನೂ ಹಾಲಿನ ದನ ಸಾಕುತ್ತಿದ್ದವನೇ ಎಂದಳು. ಸಾಲು ಹಿಂದೆ ಬೆಳೆಯುತ್ತಿದ್ದರೂ ಇಬ್ಬರೂ ಒಂದಿಷ್ಟು ಹೊತ್ತು ದನದ ಮಾತಾಡಿದರು. ಅವ್ವ ಎಮ್ಮೆ ಎಷ್ಟು ಲೀಟರು ಕೊಡುತ್ತದೆಂದಳು, ಆಕೆ ಅಪ್ಪನ ಮಂದೆಯ ಲೆಕ್ಕ ಹೇಳಿದಳು.

ಬ್ರಿಟನ್ನಿನಲ್ಲಿ 2001ರಲ್ಲಿ ಇದೇ ರೋಗ ಹೊಕ್ಕಾಗ 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಂದು ಸುಟ್ಟು ಹೂಳಬೇಕಾಯಿತು. ನಾವು ಹೋದ ವರ್ಷ ರೋಗ ಇಂಡೋನೇಷ್ಯಕ್ಕೆ ಬಂದು ಬಾಲಿಯವರೆಗೆ ತಲುಪಿತ್ತು. ಅಲ್ಲಿಂದ ಬರುವ ಪ್ರಯಾಣಿಕರು ತುಳಿದು ದಾಟಲೆಂದು ಆಸ್ಟ್ರೇಲಿಯದ ನಿಲ್ದಾಣಗಳಲ್ಲಿ ಆಮ್ಲದ ದ್ರಾವಣದಲ್ಲಿ ನೆನೆಸಿದ ಹಾಸುಗಳನ್ನು ಹಾಸಿದ್ದರು. ಹಾಲು, ಮಾಂಸ, ತೊಗಲು, ಚಪ್ಪಲಿಗಂಟಿದ ಮಣ್ಣು ಎಲ್ಲದರಲ್ಲೂ ಆ ವೈರಾಣು ಸಾಗಬಲ್ಲದು. ಸೋದರಮಾವನ ಪ್ರೀತಿಯ ಮೇಲೆ ಅಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ತಂಗಿಗೆ ಹೆಣ್ಣುಕೂಸು ಹುಟ್ಟಿತು. ಬಾಣಂತನಕ್ಕೆ ಬೇಕಾದದ್ದನ್ನೆಲ್ಲ ಮೆಲ್ಬರ್ನಿನ ಡ್ಯಾಂಡಿನಾಂಗ್ ಬಡಾವಣೆಯ ಭಾರತೀಯ ಅಂಗಡಿಗಳಲ್ಲಿ ಹುಡುಕಿದೆವು. ಅಂಟು ಸಿಕ್ಕಿತು, ಅಜವಾನ ಸಿಕ್ಕಿತು, ಅಳವಿಗೆ ಅಲೆಯಬೇಕಾಯಿತು. ಒಂದು ಕಪಾಟಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಪಾಕೀಟು ಕಂಡು ಅವ್ವ ನಿಂತುಬಿಟ್ಟಳು. ನಮ್ಮನ್ನು ಬಿಡದ ದೇಶ ಇದನ್ನು ಹೇಗೆ ಬಿಟ್ಟಿತು ಎಂದು ಅವಳ ಪ್ರಶ್ನೆ. ವ್ಯಾಪಾರದ ಮಾಲು ಹಡಗು ಹತ್ತುವ ಮೊದಲೇ ಹುಳು ಸಾಯುವ ಉಪಚಾರ ಪಡೆದು, ಸಸ್ಯಾರೋಗ್ಯದ ಪ್ರಮಾಣಪತ್ರ ಹಿಡಿದು ಬರುತ್ತದೆ, ಇಲ್ಲಿಯೂ ತಪಾಸಣೆಯಾಗುತ್ತದೆ ಎಂದೆ. ಪಾಕೀಟಿನ ಮೇಲಿಂದಲೇ ಕಾಯಿಯ ನೆರಿಗೆ, ಬಣ್ಣ ನೋಡಿದಳು. “ಹಳೇ ಮಾಲು. ಆದ್ರೂ ನಮ್ಮೂರ ಕಡೀದ” ಎಂದು ಬುಟ್ಟಿಗೆ ಹಾಕಿಕೊಂಡಳು.

ಊರಿಗೆ ಮರಳಿದ ಮೇಲೆ ನಮ್ಮ ಓಣಿಯಲ್ಲಿ ಯಾರ ಮಗಳು ಪರದೇಶದಲ್ಲಿ ಬಸುರಿಯಾದರೂ ಆಕೆಯ ತಾಯಿ ಅವ್ವನ ಹತ್ತಿರ ಬಂದು ಕೂರುತ್ತಾಳೆ. ಈಚೆಗೆ ಒಂದು ಸಂಜೆ ಫೋನು ಬಂತು. ಮೇಲಿನ ಓಣಿಯ ಚಿಗವ್ವ ಅಮೆರಿಕಕ್ಕೆ ಹೊರಟಿದ್ದಾಳೆ, ಸೋನಾಮಸೂರಿ ಒಯ್ಯಬೇಕಂತೆ, ನಡೆಯುತ್ತದೆಯೇ ಎಂದು ಅವ್ವ ಕೇಳಿದಳು. ಇಲ್ಲ, 2011ರಿಂದ ಅಲ್ಲಿಗೂ ನಮ್ಮ ದೇಶದ ಅಕ್ಕಿಯನ್ನು ಸಾಮಾನಿನಲ್ಲಿ ಒಯ್ಯುವಂತಿಲ್ಲ ಎಂದೆ.

“ಅದ ಹುಳಾನ?”

“ಅದ ಹುಳಾ, ಅವ್ವಾ.”

“ಕೇಳಿದೇನವಾ, ಅಕ್ಕಿ ಬ್ಯಾಡ” ಎಂದು ಅವಳು ಫೋನು ಕೆಳಗಿಡದೆಯೇ ಪಕ್ಕಕ್ಕೆ ತಿರುಗಿ ಶುರು ಮಾಡಿದಳು. “ಗುಳಗಿ ಪಟ್ಟಿ ಕತ್ತರಿಸಿಕೊಂಡು ಬರಬ್ಯಾಡ, ಪೂರಾ ಪಟ್ಟಿ ಇಸ್ಕೋ. ಡಾಕ್ಟರಿಗೆ ದೊಡ್ಡ ಅಕ್ಷರದಾಗ ಬರೀರಿ ಅನ್ನು. ಮತ್ತ ಕಾಗದದಾಗ ಕೇಳತಾರ, ದನದ ಹಂತೇಕ ಇದ್ದಿರೇನ ಅಂತ, ಆವಾಗ…”